ಚಿತ್ರವು ಸ್ಮೃತಿಯಲ್ಲ

ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದ ಯಾತ್ರೆಯನ್ನು ಕೊನೆಗೊಮ್ಮೆ ನೆರವೇರಿಸಿಕೊಂಡು ಬಂದ ಕುಟುಂಬದವರನ್ನು, ಆ ಯಾತ್ರೆಯ ನೆನಪನ್ನು ಎಲ್ಲಿ ಕಾಪಾಡಿಟ್ಟಿದ್ದೀರಿ ಎಂದು ಕೇಳಿದರೆ, ಈಗ ಬಹುತೇಕ ಎಲ್ಲ ಮನೆಗಳಲ್ಲಿಯೂ ಬರುವ ಉತ್ತರ ಒಂದೇ: "ಎಲ್ಲವೂ ಫೋನಿನಲ್ಲಿದೆಯಲ್ಲ!" ಈ ಉತ್ತರವು ಎಷ್ಟು ನಿಶ್ಚಿಂತೆಯಿಂದ ಹೊರಡುತ್ತದೆಯೋ ಅಷ್ಟೇ ನಿರಾಧಾರವಾದುದು. ಫೋನಿನಲ್ಲಿರುವುದು ಚಿತ್ರ; ನೆನಪು ಇರುವುದು ಅದನ್ನು ನೋಡುವವರಲ್ಲಿ. ನೋಡುವವರು ಶಾಶ್ವತರಲ್ಲ, ಫೋನಂತೂ ಅವರಿಗಿಂತಲೂ ಅಲ್ಪಾಯುವಾದುದು. ಚಿತ್ರವನ್ನೂ ಸ್ಮೃತಿಯನ್ನೂ ಒಂದೇ ವಸ್ತುವೆಂದು ಭಾವಿಸಿ, ಚಿತ್ರ ತೆಗೆದ ಮಾತ್ರಕ್ಕೆ ಸ್ಮೃತಿರಕ್ಷಣೆಯ ಕರ್ತವ್ಯವು ಮುಗಿಯಿತೆಂದು ಕೈತೊಳೆದುಕೊಳ್ಳುವ ಈ ಅಭ್ಯಾಸವು ಖಂಡನೀಯವಾದುದೆಂದೂ, ಹೆಸರನ್ನೂ ಮಾತನ್ನೂ ಬರೆದಿಡದ ಚಿತ್ರರಾಶಿಯು ಮನೆತನಕ್ಕೆ ಆಸ್ತಿಯಲ್ಲವೆಂದೂ ಇಲ್ಲಿ ಪ್ರತಿಪಾದಿಸಬೇಕಾಗಿದೆ.

ಮೊದಲು ವಿಷಯದ ಗೌರವವನ್ನು ತಿಳಿಯಬೇಕು. ಎಲ್ಲ ಪ್ರವಾಸಗಳೂ ಒಂದೇ ತೂಕದವಲ್ಲ. ಜೋಗದ ಜಲಪಾತವನ್ನು ನೋಡಿ ಬಂದವರು ಮುಂದಿನ ಮಳೆಗಾಲದಲ್ಲಿ ಮತ್ತೊಮ್ಮೆ ಹೋಗಿಬರಬಹುದು. ಕಾಶೀಯಾತ್ರೆಯು ಹಾಗಲ್ಲ. ಕನ್ನಡನಾಡಿನ ಅಸಂಖ್ಯ ಮನೆಗಳಲ್ಲಿ ಅದು ಮೂವತ್ತು ನಲವತ್ತು ವರ್ಷಗಳ ಕಾಲ ಮಾತಿನಲ್ಲಿಯೇ ಉಳಿದು, ಒಮ್ಮೆ ಮಾತ್ರ ಕೈಗೂಡುವ ಸಂಕಲ್ಪ. ಮಗಳ ಮದುವೆಯಾಗಲಿ, ಸಾಲ ತೀರಲಿ, ಕೊಯ್ಲು ಮುಗಿಯಲಿ, ಮೊಮ್ಮಗನ ಪರೀಕ್ಷೆ ಕಳೆಯಲಿ ಎಂದು ಮುಂದೂಡುತ್ತ ಬಂದು, ಮಂಡಿಯ ನೋವು ಹೆಚ್ಚಿ, ಇನ್ನು ಈ ಜನ್ಮಕ್ಕಿಲ್ಲವೆಂದು ಮುದುಕಿಯು ಕೈಬಿಡುವ ಹೊತ್ತಿಗೆ ಮಕ್ಕಳಿಗೆ ರಜೆ ಕೂಡಿಬರುತ್ತದೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶೀದರ್ಶನ ರೈಲು ಹೊರಟಂದಿನಿಂದ, ಅದಕ್ಕೆ ರಾಜ್ಯ ಸರ್ಕಾರವು ಮೊದಲಿಗೆ ಯಾತ್ರಿಕರೊಬ್ಬರಿಗೆ 5,000 ರೂಪಾಯಿಗಳ ಸಹಾಯಧನವನ್ನು ಸಲ್ಲಿಸಿದಂದಿನಿಂದ, ಕಾಶಿ, ಅಯೋಧ್ಯೆ, ಪ್ರಯಾಗಗಳನ್ನು ಎಂಟು ದಿನಗಳಲ್ಲಿ ಕಂಡುಬರುವ ಭಾಗ್ಯವು ಎಷ್ಟೋ ಮಂದಿ ವೃದ್ಧರಿಗೆ ಲಭಿಸಿದೆ. ಸಂತೋಷವೇ ಸರಿ. ಆದರೆ ಆ ಎಂಟು ದಿನಗಳಲ್ಲಿ ಕುಟುಂಬದ ನಾಲ್ಕಾರು ಫೋನುಗಳು ಸೇರಿ ತೆಗೆದ ಸಾವಿರಾರು ಚಿತ್ರಗಳಿಗೆ ಮುಂದೆ ಯಾವ ಗತಿಯಾಯಿತೆಂದು ವಿಚಾರಿಸಿದರೆ, ಮೊದಲ ವಾರ ಬಂಧುಗಳಿಗೆಲ್ಲ ಕಳುಹಿಸಿದ್ದಾಯಿತು, ಆಮೇಲೆ ಯಾರೂ ತೆರೆದು ನೋಡಲಿಲ್ಲ ಎಂಬ ಉತ್ತರವೇ ಸಾಮಾನ್ಯ. ನಲವತ್ತು ವರ್ಷ ಕಾದ ಫಲಕ್ಕೆ ಏಳು ದಿನಗಳ ಆಯುಸ್ಸು!

ಚಿತ್ರಕ್ಕೂ ಸ್ಮೃತಿಗೂ ಇರುವ ಸಂಬಂಧವನ್ನು ನಮ್ಮ ತಾರ್ಕಿಕರು ಛಾಯಾಚಿತ್ರವು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ನಿರ್ಣಯಿಸಿಟ್ಟಿದ್ದಾರೆ. ಅವರ ಮತದಲ್ಲಿ ಅನುಭವವು ಆತ್ಮನಲ್ಲಿ ಭಾವನೆಯೆಂಬ ಸಂಸ್ಕಾರವನ್ನು ಬಿಟ್ಟು ಹೋಗುತ್ತದೆ. ಆ ಸಂಸ್ಕಾರದಿಂದ ಹುಟ್ಟುವ ಜ್ಞಾನವೇ ಸ್ಮೃತಿ. ಸಂಸ್ಕಾರವು ಸದಾಕಾಲ ಎಚ್ಚತ್ತಿರುವುದಿಲ್ಲ. ಅದನ್ನು ಎಬ್ಬಿಸುವುದಕ್ಕೆ ಉದ್ಬೋಧಕವೊಂದು ಬೇಕು. ಸದೃಶವಾದ ವಸ್ತುವಿನ ದರ್ಶನವು ಅಂತಹ ಉದ್ಬೋಧಕಗಳಲ್ಲಿ ಒಂದು. ಹೀಗಿರಲು, ಛಾಯಾಚಿತ್ರವು ಉದ್ಬೋಧಕವೇ ಹೊರತು ಸ್ಮೃತಿಯಲ್ಲ. ಕಾಶಿಗೆ ಹೋಗಿಬಂದ ತಾಯಿಗೆ ಕೇದಾರಘಾಟಿನ ಮೆಟ್ಟಿಲುಗಳ ಚಿತ್ರವನ್ನು ತೋರಿಸಿದರೆ ಅವಳಲ್ಲಿ ಮಲಗಿದ್ದ ಸಂಸ್ಕಾರವು ಏಳುತ್ತದೆ. ಬೆಳಗಿನ ಚಳಿ, ಕಾಲು ಜಾರಿದ್ದು, ಅಪರಿಚಿತಳೊಬ್ಬಳು ಕೈಹಿಡಿದದ್ದು, ಎಲ್ಲವೂ ಬರುತ್ತವೆ. ಆ ಯಾತ್ರೆಯ ಕಾಲಕ್ಕೆ ಹುಟ್ಟಿಯೇ ಇರದ ಮೊಮ್ಮಗುವಿಗೆ ಅದೇ ಚಿತ್ರವನ್ನು ತೋರಿಸಿದರೆ ಏನು ಏಳಬೇಕು? ಮಲಗಿರುವವನಿದ್ದರಲ್ಲವೆ ಎಬ್ಬಿಸುವುದು? ಆ ಮಗುವಿಗೆ ಪ್ರತ್ಯಕ್ಷದಿಂದ ದೊರೆಯುವುದು ಕೆಲವು ಮೆಟ್ಟಿಲು, ಒಂದಿಷ್ಟು ನೀರು, ಬಿಳಿಗೂದಲಿನ ಒಬ್ಬ ಹೆಂಗಸು, ಇಷ್ಟೇ. ಉಳಿದುದೆಲ್ಲವೂ ಶಬ್ದದಿಂದಲೇ, ಎಂದರೆ ಬಲ್ಲವರ ಮಾತಿನಿಂದಲೇ ಬರಬೇಕು. ಆ ಮಾತು ಬಾಯಿಯಲ್ಲಿದ್ದರೆ ಬಾಯಿ ಇರುವವರೆಗೆ, ಬರೆಹದಲ್ಲಿದ್ದರೆ ಬರೆಹವಿರುವವರೆಗೆ.

ಈ ತತ್ತ್ವವನ್ನು ನಾಟಕವಾಗಿ ನೋಡಬೇಕೆಂಬವರು ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವನ್ನು ತೆರೆಯಬೇಕು. ಕುಟುಂಬವೊಂದು ತನ್ನ ದೀರ್ಘ ಸಂಚಾರದ ಚಿತ್ರಗಳನ್ನು ಒಟ್ಟಿಗೆ ಕುಳಿತು ನೋಡುವ ಇಂತಹ ಪ್ರಸಂಗವು ಸಂಸ್ಕೃತ ಸಾಹಿತ್ಯದಲ್ಲಿ ಅಪೂರ್ವ. ತಂದೆಯು ಊರಿಗೆ ಹಿಂತಿರುಗಿದನೆಂಬ ದುಃಖದಲ್ಲಿರುವ ಗರ್ಭಿಣಿ ಸೀತೆಯ ಮನಸ್ಸನ್ನು ಹಗುರಮಾಡುವುದಕ್ಕಾಗಿ ಲಕ್ಷ್ಮಣನು ಚಿತ್ರಶಾಲೆಗೆ ಕರೆತಂದು, ವಿವಾಹದಿಂದ ಹಿಡಿದು ವನವಾಸದವರೆಗಿನ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಅಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚಿತ್ರಕಾರನಾದ ಅರ್ಜುನನೆಂಬವನು ಆ ಚಿತ್ರಗಳನ್ನು ಬರೆದದ್ದು ಲಕ್ಷ್ಮಣಾದಿಗಳು ಹೇಳಿ ಬರೆಸಿದಂತೆ. ಮೊದಲು ಮಾತು, ಆಮೇಲೆ ಚಿತ್ರ. ನೋಡುವಾಗಲೂ ಸುಮ್ಮನೆ ನೋಡುವುದಿಲ್ಲ. ಲಕ್ಷ್ಮಣನು ಬೆರಳಿಟ್ಟು ತೋರಿಸಿ, ಇವರು ಇಂಥವರು, ಇದು ಇಂಥ ಸ್ಥಳ ಎಂದು ಹೆಸರು ಹೇಳುತ್ತ ಹೋಗುತ್ತಾನೆ. ವಿವಾಹದ ಚಿತ್ರದಲ್ಲಿ ಸೀತೆ, ಮಾಂಡವಿ, ಶ್ರುತಕೀರ್ತಿಯರನ್ನು ಹೆಸರಿಸಿ ತನ್ನ ಹೆಂಡತಿಯಾದ ಊರ್ಮಿಳೆಯನ್ನು ಮಾತ್ರ ನಾಚಿಕೆಯಿಂದ ಬಿಟ್ಟುಬಿಟ್ಟಾಗ, ಸೀತೆಯು ತಿಳಿದೂ ತಿಳಿಯದವಳಂತೆ, ಈ ಇನ್ನೊಬ್ಬಳು ಯಾರೆಂದು ಕೇಳುತ್ತಾಳೆ. ಸೀತೆಯದು ಪರಿಹಾಸ. ಆದರೆ ಈಗಿನ ಮನೆಗಳಲ್ಲಿ ಹಳೆಯ ಚಿತ್ರವನ್ನು ಹಿಡಿದುಕೊಂಡು ಇದೇ ಪ್ರಶ್ನೆಯನ್ನು ಕೇಳುವವರದು ಪರಿಹಾಸವಲ್ಲ. ಅವರಿಗೆ ನಿಜವಾಗಿಯೂ ತಿಳಿಯದು, ಹೇಳುವ ಲಕ್ಷ್ಮಣನೂ ಇಲ್ಲ.

ಆ ಅಂಕದಲ್ಲಿಯೇ ಶೂರ್ಪಣಖಿಯ ಚಿತ್ರವನ್ನು ಕಂಡು ಸೀತೆಯು ಅಂದಿನ ಅಗಲಿಕೆಯೇ ಮರಳಿ ಬಂದಂತೆ ಬೆದರುತ್ತಾಳೆ; ಇದು ಚಿತ್ರವಷ್ಟೆ ಎಂದು ರಾಮನು ಸಮಾಧಾನ ಹೇಳಬೇಕಾಗುತ್ತದೆ. ಸಂಸ್ಕಾರವುಳ್ಳವರಲ್ಲಿ ಚಿತ್ರವು ಮಾಡುವ ಕೆಲಸ ಅದು. ಮಂಥರೆಯ ಚಿತ್ರ ಬಂದಾಗ ರಾಮನು ಉತ್ತರವನ್ನೇ ಕೊಡದೆ ಮುಂದಿನ ಶೃಂಗವೇರಪುರದ ಕಡೆಗೆ ಸೀತೆಯ ದೃಷ್ಟಿಯನ್ನು ತಿರುಗಿಸುತ್ತಾನೆ. ಯಾವುದನ್ನು ತೋರಿಸಬೇಕು, ಯಾವುದನ್ನು ದಾಟಿಹೋಗಬೇಕು ಎಂಬ ವಿವೇಕವೂ ಚಿತ್ರದರ್ಶನದ ಅಂಗವೇ ಎಂಬುದನ್ನು ಕವಿಯು ಎಷ್ಟು ಹಗುರವಾಗಿ ಸೂಚಿಸಿದ್ದಾನೆ!

ಹೆಸರಿಲ್ಲದ ಚಿತ್ರದ ದುರ್ಗತಿಯನ್ನು ಕಾಣುವುದಕ್ಕೆ ದೂರ ಹೋಗಬೇಕಾಗಿಲ್ಲ. ಹಳೆಯ ಮನೆಯ ಅಟ್ಟದಿಂದ ಟ್ರಂಕನ್ನು ಇಳಿಸಿದರೆ ಸಾಕು. ತಲೆಗೆ ಜರಿ ರುಮಾಲು, ಕಚ್ಚೆಪಂಚೆ, ಕೈಯಲ್ಲಿ ಕೊಡೆ; ಪಕ್ಕದಲ್ಲಿ ಮಡಿಸೀರೆಯ ಇಬ್ಬರು; ಹಿಂದೆ ಯಾವುದೋ ನದಿ. ಯಾರು? ಯಾವ ನದಿ? ಯಾವ ವರ್ಷ? ಹಿಂಬದಿಯು ಬರಿದು. ಇವರಲ್ಲಿ ಒಬ್ಬಳು ಅಜ್ಜನ ಅಕ್ಕನಿರಬಹುದೆಂದು ಒಬ್ಬರು, ಅಲ್ಲ, ನೆರೆಮನೆಯವಳೆಂದು ಮತ್ತೊಬ್ಬರು. ಬಲ್ಲವಳೊಬ್ಬಳಿದ್ದಳು; ಅವಳು ತೀರಿಕೊಂಡು ಆರು ವರ್ಷವಾಯಿತು. ಅವಳನ್ನು ಕೇಳಿ ಬರೆದುಕೊಳ್ಳಲು ಬೇಕಾಗಿದ್ದುದು ಒಂದು ಮಧ್ಯಾಹ್ನ. ಚಿತ್ರದಲ್ಲಿ ಬೆಳ್ಳಿಯ ಕಣಗಳು ಇನ್ನೂ ಗಟ್ಟಿಯಾಗಿವೆ, ಕಣ್ಣಿನ ರೆಪ್ಪೆಗಳನ್ನು ಕೂಡ ಎಣಿಸಬಹುದು. ಆದರೂ ಆ ಮುಖಗಳು ಆ ಮನೆಗೆ ಪರಕೀಯ. ಸಂತೆಯಲ್ಲಿ ಹಳೆಯ ಸಾಮಾನಿನವನು ಮಾರುವ ಯಾರದೋ ಚಿತ್ರಕ್ಕೂ ಇದಕ್ಕೂ ಇನ್ನು ವ್ಯತ್ಯಾಸವೇನು?

ಇದಕ್ಕೆ ಪ್ರತಿಯಾಗಿ, ಗಯೆ ಹರಿದ್ವಾರಗಳ ತೀರ್ಥಪುರೋಹಿತರ ವಹಿಗಳನ್ನು ನೋಡಬೇಕು. ಅಲ್ಲಿ ಚಿತ್ರವಿಲ್ಲ. ಯಾತ್ರಿಕನ ಹೆಸರು, ಊರು, ಗೋತ್ರ, ತಂದೆ ತಾತಂದಿರ ಹೆಸರು, ಜೊತೆಗೆ ಬಂದವರು, ಬಂದ ದಿನ, ಎಷ್ಟೋ ಕಡೆ ಯಾತ್ರಿಕನ ಸ್ವಹಸ್ತಾಕ್ಷರ, ಇಷ್ಟೇ. ತಲೆಮಾರುಗಳು ಕಳೆದ ಮೇಲೆ ಬಂದ ವಂಶಸ್ಥನು ಆ ವಹಿಯಲ್ಲಿ ಮುತ್ತಾತನ ಅಕ್ಷರವನ್ನು ಮುಟ್ಟಿ ನೋಡಬಲ್ಲನು. ಆ ಪುರೋಹಿತರ ದಕ್ಷಿಣೆಯ ಹಠವನ್ನು ನಿಂದಿಸುವವರು ಬಹಳ ಮಂದಿ. ಅವರು ಯಾರದೋ ಮನೆಯ ನೆನಪನ್ನು ಆ ಮನೆಯವರಿಗಿಂತ ಶ್ರದ್ಧೆಯಿಂದ ಕಾಯ್ದರೆಂಬುದನ್ನೂ ಹೇಳಬೇಕಾದುದು ನ್ಯಾಯ.

ಜನರು ಚಿತ್ರ ತೆಗೆಯುವ ಕ್ರಮದಲ್ಲಿಯೇ ಒಂದು ವಿಪರ್ಯಾಸವಿದೆ. ಹಂಪೆಗೆ ಹೋದವರು ಕಲ್ಲಿನ ರಥವನ್ನು ನಾಲ್ಕು ಕಡೆಯಿಂದಲೂ ತೆಗೆಯುತ್ತಾರೆ. ಆ ರಥವು ಐವತ್ತು ರೂಪಾಯಿಯ ನೋಟಿನ ಮೇಲೆಯೇ ಇರುವಾಗ ಅದರ ರೂಪವು ಲೋಕದಿಂದ ಮರೆಯಾದೀತೆಂಬ ಭಯಕ್ಕೆ ಕಾರಣವಿಲ್ಲ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಹಚ್ಚಿದ ಕಾಗದದ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು; ಅವು ಇಂದಿಗೂ ಉಳಿದಿವೆ. ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದು ಇದ್ದಿತೆಂಬುದನ್ನು ಆ ಚಿತ್ರದಲ್ಲಿ ಕಾಣಬಹುದು. ಅದು ಉಪಕಾರವೇ. ಆದರೆ ವಿಠ್ಠಲನ ಗುಡಿಗೆ ಹೆಸರು ಬರೆಯದಿದ್ದರೂ ನಡೆದೀತು. ಬಲ್ಲವನು ಕಂಬವನ್ನು ನೋಡಿಯೇ ಗುರುತಿಸುತ್ತಾನೆ. ಕಲ್ಲು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ, ಮುಖವು ಹೇಳಿಕೊಳ್ಳುವುದಿಲ್ಲ. ಹೆಸರು ಬೇಡದ ಕಲ್ಲಿಗೆ ನೂರು ಚಿತ್ರ, ಹೆಸರು ಬೇಕಾದ ಮುಖಕ್ಕೆ ಒಂದು ಸಾಲೂ ಇಲ್ಲ. ಇದು ಈಗಿನ ಕ್ರಮ.

ಇನ್ನು, ಚಿತ್ರಕ್ಕೆ ಸಿಕ್ಕದೆಯೇ ಹೋಗುವ ಭಾಗವನ್ನು ಯೋಚಿಸಬೇಕು. ಯಾತ್ರೆಯ ಸಾರವೆಲ್ಲ ಬಹುಮಟ್ಟಿಗೆ ಅಲ್ಲಿಯೇ ಇದೆ. ಯಾವ ದರ್ಶನಕ್ಕಾಗಿ ಸಾವಿರ ಮೈಲಿ ಹೋದರೋ ಆ ವಿಶ್ವನಾಥನ ಸನ್ನಿಧಿಗೆ ಫೋನನ್ನು ಒಯ್ಯುವಂತಿಲ್ಲ; ಹೊರಗಿನ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ತಿರುಮಲೆಯಲ್ಲಿಯೂ ಹಾಗೆಯೇ. ಎಂದಮೇಲೆ, "ಎಲ್ಲವೂ ಫೋನಿನಲ್ಲಿದೆ" ಎಂಬವರ ಫೋನಿನಲ್ಲಿ ಮುಖ್ಯವಾದುದೇ ಇಲ್ಲ! ಸಾಲಿನಲ್ಲಿ ನಿಂತು, ನೂಕಿಸಿಕೊಂಡು, ಕ್ಷಣಮಾತ್ರ ಕೈಗೆ ಸಿಕ್ಕ ಆ ಸನ್ನಿಧಿಯಲ್ಲಿ ತಾಯಿಯು ಏನು ಕೇಳಿಕೊಂಡಳು? ಏನನ್ನೂ ಕೇಳಿಕೊಳ್ಳಲು ನೆನಪಾಗಲಿಲ್ಲವೆಂದು ಹೊರಗೆ ಬಂದು ಅತ್ತಳೇ? ಕಾಶಿಯಲ್ಲಿ ಪ್ರಿಯವಾದ ಪದಾರ್ಥವೊಂದನ್ನು ಬಿಟ್ಟುಬರುವ ಸಂಪ್ರದಾಯವುಂಟಷ್ಟೆ. ಯಾರು ಏನನ್ನು ಬಿಟ್ಟರು? ಮೊದಲೇ ಸೇರದ ಹಾಗಲಕಾಯಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಂಡ ಜಾಣರೂ ಇದ್ದಾರೆ, ಅದಿರಲಿ. ಮಾವಿನಹಣ್ಣೆಂದರೆ ಪ್ರಾಣಬಿಡುತ್ತಿದ್ದ ಅಜ್ಜಿಯು ಕಾಶಿಯಿಂದ ಬಂದಮೇಲೆ ಹದಿನೈದು ಬೇಸಗೆ ಅದನ್ನು ಮುಟ್ಟಲಿಲ್ಲವೆಂದರೆ, ಆ ಮನೆಯ ಮಕ್ಕಳಿಗೆ ಅದು ತಿಳಿದಿರಬೇಕಾದ ಸಂಗತಿಯಲ್ಲವೆ? ಬಿಟ್ಟ ಹಣ್ಣಿಗೆ ಚಿತ್ರವಿಲ್ಲ.

ಚಿತ್ರ ತೆಗೆದವನೂ ಚಿತ್ರದಲ್ಲಿಲ್ಲ. ಎಲ್ಲರೂ ನಿಂತು ನಗುತ್ತಿರುವಾಗ ಎದುರಿಗೆ ಕ್ಯಾಮೆರಾ ಹಿಡಿದ ಅಳಿಯನೋ ಸೊಸೆಯೋ ಆ ಯಾತ್ರೆಗೆ ಬಂದೇ ಇರಲಿಲ್ಲವೆಂಬಂತೆ ಮುಂದಿನವರು ತಿಳಿಯುತ್ತಾರೆ. ಹೆಂಗಸರ ಪಾಲು ಇನ್ನೂ ಅನ್ಯಾಯದ್ದು. ತಿಂಗಳಿನಿಂದ ಚಕ್ಕುಲಿ, ಅವಲಕ್ಕಿ, ಚಟ್ನಿಪುಡಿಗಳನ್ನು ಕಟ್ಟಿ, ರೈಲಿನಲ್ಲಿ ಎಲ್ಲರಿಗೂ ಬಡಿಸಿ, ಮಾವನವರ ಔಷಧದ ಹೊತ್ತನ್ನು ನೋಡಿಕೊಂಡು, ದಶಾಶ್ವಮೇಧದ ಗಂಗಾರತಿಯ ಹೊತ್ತಿಗೆ ಜ್ವರ ಬಂದ ಮಗುವನ್ನು ಎತ್ತಿಕೊಂಡು ಛತ್ರದಲ್ಲಿಯೇ ಉಳಿದವಳಿಗೆ, ಗಂಗಾರತಿಯ ಅರವತ್ತು ಚಿತ್ರಗಳಲ್ಲಿ ಸ್ಥಳವಿಲ್ಲ. ಅವಳು ಉಳಿದುದರಿಂದ ಉಳಿದವರು ನೋಡಿದರೆಂಬುದನ್ನು ಒಂದು ವಾಕ್ಯದಲ್ಲಾದರೂ ಬರೆದಿಡದ ಮನೆಯು ಕೃತಘ್ನವೆನ್ನದೆ ವಿಧಿಯಿಲ್ಲ.

ಈಗ, ಪೂರ್ವಪಕ್ಷಿಗಳು ಇಷ್ಟು ನೆಚ್ಚಿರುವ ಆ ಫೋನಿನ ಯೋಗ್ಯತೆಯನ್ನೂ ಪರೀಕ್ಷಿಸಬಹುದು. ಅದು ನೀರಿಗೆ ಬೀಳುತ್ತದೆ, ಕಳವಾಗುತ್ತದೆ, ಕೆಲವು ವರ್ಷಗಳಲ್ಲಿ ಹಳೆಯದಾಗಿ ಮಕ್ಕಳ ಆಟಕ್ಕೆ ಹೋಗುತ್ತದೆ. ಇದು ಎಲ್ಲರೂ ಬಲ್ಲ ಸಂಗತಿ. ಬಂಧುಗಳಿಗೆಲ್ಲ ವಾಟ್ಸಾಪಿನಲ್ಲಿ ಕಳುಹಿಸಿರುವುದರಿಂದ ಭಯವಿಲ್ಲವೆಂಬುದು ಮತ್ತೊಂದು ಭ್ರಮೆ. ಹಾಗೆ ಕಳುಹಿಸುವಾಗ ಚಿತ್ರವು ಸಾಮಾನ್ಯವಾಗಿ ಕುಗ್ಗಿಹೋಗುತ್ತದೆ. ತೆಗೆದ ದಿನ, ಸ್ಥಳಗಳ ವಿವರವು ಮೂಲಚಿತ್ರದೊಳಗೆ ಅಡಗಿದ್ದರೆ ಅದೂ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲವು ಹಾಗೆಯೇ ಹೋಗುತ್ತದೆಂಬುದನ್ನು ಬಲ್ಲವರು ವಿರಳ. ಗೂಗಲ್ ಸಂಸ್ಥೆಯು ಚಿತ್ರಗಳನ್ನು ಮಿತಿಯಿಲ್ಲದೆ ಉಚಿತವಾಗಿ ಇಟ್ಟುಕೊಳ್ಳುವ ಪದ್ಧತಿಯನ್ನು 2021ರ ಜೂನ್ 1ರಿಂದ ನಿಲ್ಲಿಸಿತು. ಇದಕ್ಕಿಂತ ಗಂಭೀರವಾದುದು ಮತ್ತೊಂದು. ಎರಡು ವರ್ಷ ಬಳಕೆಯಿಲ್ಲದೆ ಬಿದ್ದ ವೈಯಕ್ತಿಕ ಖಾತೆಗಳನ್ನು ಅದರೊಳಗಿನ ಚಿತ್ರಗಳ ಸಮೇತ ಅಳಿಸಿಹಾಕುವ ನಿಯಮವನ್ನು ಅದೇ ಸಂಸ್ಥೆಯು 2023ರ ಡಿಸೆಂಬರಿನಿಂದ ಜಾರಿಗೆ ತಂದಿತು. ಬಳಕೆಯಿಲ್ಲದೆ ಬೀಳುವ ಖಾತೆ ಯಾರದು? ಸತ್ತವರದು. ಯಜಮಾನರು ತೀರಿಕೊಂಡರು, ಗುಪ್ತಪದವು ಅವರೊಡನೆಯೇ ಹೋಯಿತು. ಎರಡನೆಯ ವರ್ಷದ ಶ್ರಾದ್ಧವು ಕಳೆಯುವ ಹೊತ್ತಿಗೆ ಅವರು ತೆಗೆದ ಕಾಶಿಯೂ ಇಲ್ಲವಾಗಬಹುದು. ಆ ಸಂಸ್ಥೆಯನ್ನು ದೂಷಿಸಿ ಫಲವಿಲ್ಲ. ಬಾಡಿಗೆಯ ಮನೆಯಲ್ಲಿ ನಿಧಿಯನ್ನು ಹೂತವನದು ತಪ್ಪು. ಮೂಲಚಿತ್ರಗಳ ಪ್ರತಿಯನ್ನು ಬೇರೆ ಬೇರೆ ಎರಡು ಸಾಧನಗಳಲ್ಲಿಟ್ಟು, ಮತ್ತೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿಡುವುದು ದೊಡ್ಡ ವಿದ್ಯೆಯೇನಲ್ಲ.

ಕಾಗದದ ಮೇಲಿನ ಚಿತ್ರವು ನಿತ್ಯವೆಂದು ಹೇಳುವಂತೆಯೂ ಇಲ್ಲ. ಅಜ್ಜನ ಕಾಲದ ಕಪ್ಪು ಬಿಳುಪಿನ ಚಿತ್ರವು ಬೆಳ್ಳಿಯದು, ಆದಕಾರಣ ಬಾಳಿತು. ಆಮೇಲೆ ಬಂದ ಬಣ್ಣದ ಚಿತ್ರಗಳು ರಾಸಾಯನಿಕ ವರ್ಣಗಳವು. 1970, 1980ರ ದಶಕಗಳ ಎಷ್ಟೋ ಮದುವೆಯ ಚಿತ್ರಗಳು ಪೆಟ್ಟಿಗೆಯೊಳಗೇ ಕೆಂಪಡರಿಹೋದದ್ದು ಅವುಗಳಲ್ಲಿನ ನೀಲಿಯ ವರ್ಣವು ಮೊದಲು ಮಾಸಿದ್ದರಿಂದ. ಅಂಟುಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್ಮುಗಳು ಬಹಳ ಅಪಾಯಕಾರಿ. ಅಂಟು ಹಳದಿಯಾಗಿ, ಚಿತ್ರವನ್ನು ಕೀಳಲೂ ಬಾರದಂತೆ ಹಿಡಿದುಬಿಡುತ್ತದೆ. ಮಲೆನಾಡು ಕರಾವಳಿಗಳ ಮಳೆಗಾಲದ ತೇವಕ್ಕೆ ಬೂಷ್ಟು ಬರುತ್ತದೆ. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ಚಿತ್ರವು ಗಾಜಿಗೇ ಅಂಟಿಕೊಳ್ಳುತ್ತದೆ. ದೇವರ ಮನೆಯಲ್ಲಿಟ್ಟರೆ ದೀಪದ ಹೊಗೆ. ಒಣಗಿದ ಜಾಗ, ಆಮ್ಲವಿಲ್ಲದ ಕಾಗದ, ಚಿತ್ರದ ನಾಲ್ಕು ಮೂಲೆಗಳನ್ನು ಮಾತ್ರ ಹಿಡಿಯುವ ಪಟ್ಟಿ, ಇಷ್ಟಿದ್ದರೆ ಬಹಳ ಕಾಲ ಬಾಳುತ್ತದೆ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬಾರದು. ಮುಂಬದಿಗೆ ಗೀರು ಮೂಡುತ್ತದೆ. ಹಳೆಯ ಕಾಗದಕ್ಕೆ ಮೆತ್ತನೆಯ ಪೆನ್ಸಿಲು ಸಾಕು. ಈಗಿನ ನುಣುಪು ಕಾಗದವು ಪೆನ್ಸಿಲನ್ನು ಹಿಡಿಯದಿರುವುದರಿಂದ ಚಿತ್ರದ ಪಕ್ಕದ ಪುಟದಲ್ಲಿಯೇ ಬರೆಯುವುದು ಲೇಸು.

ಈ ವಾದಕ್ಕೆ ತೀರ ವಿರುದ್ಧ ದಿಕ್ಕಿನಿಂದ ಬರುವ ಆಕ್ಷೇಪಣೆಯೊಂದಿದೆ. ವಿರಕ್ತರಂತೆ ಮಾತನಾಡುವ ಕೆಲವರು, ಚಿತ್ರವೇ ಬೇಡ, ಕಣ್ತುಂಬ ನೋಡಿದರೆ ಸಾಕು, ಚಿತ್ರ ತೆಗೆಯುವವನು ನೋಡುವುದೇ ಇಲ್ಲ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಅಮೆರಿಕದ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆಯು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವಸ್ತುಸಂಗ್ರಹಾಲಯದಲ್ಲಿ ಸುಮ್ಮನೆ ನೋಡಿದ ವಸ್ತುಗಳಿಗಿಂತ ಚಿತ್ರ ತೆಗೆದುಕೊಂಡ ವಸ್ತುಗಳು ಜನರಿಗೆ ಕಡಮೆ ನೆನಪಿದ್ದುವು. ಆದರೆ ವಸ್ತುವಿನ ಒಂದು ಭಾಗವನ್ನು ಆರಿಸಿ, ಸಮೀಪಿಸಿ ತೆಗೆದವರಲ್ಲಿ ಆ ಹಾನಿ ಕಾಣಲಿಲ್ಲ. ದೋಷವು ಯಂತ್ರದ್ದಲ್ಲ, ಅವಧಾನವಿಲ್ಲದ ಮನಸ್ಸಿನದು ಎಂಬುದಕ್ಕೆ ಇದೇ ಪ್ರಮಾಣ. 2017ರಲ್ಲಿ ಬೇರೆ ವಿದ್ವಾಂಸರು ಕಂಡುಕೊಂಡದ್ದು ಇನ್ನೂ ಸ್ವಾರಸ್ಯವಾಗಿದೆ: ಇಷ್ಟಬಂದಂತೆ ಚಿತ್ರ ತೆಗೆಯುತ್ತ ಹೋದವರಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಮೆ ನೆನಪಿತ್ತು. ಚಿತ್ರವು ಕಣ್ಣಿಗೆ ಕೊಟ್ಟುದನ್ನು ಕಿವಿಯಿಂದ ಕಸಿಯುತ್ತದೆಯೆಂದಾಯಿತು. ಹಾಗಾದರೆ ಕಿವಿಯ ಪಾಲನ್ನು, ಎಂದರೆ ದೋಣಿಯವನ ಮಾತು, ಅಜ್ಜಿಯ ಉದ್ಗಾರ, ದಾರಿಯ ಜಗಳ ಇವನ್ನು, ಅಂದಂದಿನ ರಾತ್ರಿಯೇ ಬರೆದುಕೊಳ್ಳುವುದು ಮತ್ತಷ್ಟು ಅವಶ್ಯಕವಾಯಿತೇ ಹೊರತು, ಚಿತ್ರವನ್ನು ಬಿಡಬೇಕೆಂದಾಗಲಿಲ್ಲ. ಕಣ್ತುಂಬ ನೋಡಿದವನ ಕಣ್ಣು ಮುಚ್ಚಿದ ಮೇಲೆ ಅವನ ಮಕ್ಕಳಿಗೆ ಏನು ಉಳಿಯಿತೆಂಬ ಪ್ರಶ್ನೆಗೆ ಈ ವಿರಕ್ತರಲ್ಲಿ ಉತ್ತರವಿಲ್ಲ.

ನಮ್ಮ ಮನೆಯ ಪ್ರವಾಸದ ಬರೆಹವನ್ನು ಓದುವವರಾರು, ಅದೇನು ಸಾಹಿತ್ಯವೇ, ಎಂದು ಕೇಳುವವರಿಗೆ ಎರಡು ಪುಸ್ತಕಗಳನ್ನು ತೋರಿಸಬಹುದು. ಮದರಾಸಿನ ಏನುಗುಲ ವೀರಾಸ್ವಾಮಯ್ಯನವರು 1830ರ ಮೇ ತಿಂಗಳಿನಲ್ಲಿ ಪರಿವಾರಸಮೇತ ಕಾಶಿಗೆ ಹೊರಟು 1831ರ ಸೆಪ್ಟೆಂಬರಿನಲ್ಲಿ ಮರಳಿದರು. ಛಾಯಾಚಿತ್ರವೆಂಬುದನ್ನು ಲೋಕವು ಇನ್ನೂ ಕಂಡಿರಲಿಲ್ಲ. ದಾರಿಯ ಮಜಲುಗಳನ್ನೂ ಊರುಗಳ ಸ್ಥಿತಿಯನ್ನೂ ಅವರು ಗೆಳೆಯನಿಗೆ ಬರೆದು ಕಳುಹಿಸುತ್ತ ಹೋದರು. ಅದೇ 1838ರಲ್ಲಿ ಅಚ್ಚಾಗಿ ತೆಲುಗಿನ ಕಾಶೀಯಾತ್ರಾಚರಿತ್ರವಾಯಿತು. ಕೊಂಕಣದ ವರಸಯಿಯ ವಿಷ್ಣುಭಟ್ಟ ಗೋಡಸೆ ಎಂಬ ಬಡ ವೈದಿಕನು 1857ರಲ್ಲಿ ದಕ್ಷಿಣೆಯ ಆಸೆಯಿಂದ ಉತ್ತರಕ್ಕೆ ಹೋಗಿ, ದಂಗೆಯಲ್ಲಿ ಸಿಕ್ಕಿ, ಝಾನ್ಸಿಯ ಮುತ್ತಿಗೆಯನ್ನು ಊರೊಳಗಿನಿಂದಲೇ ಕಂಡು, ಗಳಿಸಿದ್ದನ್ನೆಲ್ಲ ಕಳೆದುಕೊಂಡು, ತಂದೆತಾಯಿಗಳಿಗಾಗಿ ಗಂಗೆಯನ್ನು ಕಾವಡಿಯಲ್ಲಿ ಹೊತ್ತು ತಂದನು. ಎಷ್ಟೋ ವರ್ಷಗಳ ಮೇಲೆ ಅದನ್ನು ಬರೆದನು. 1907ರಲ್ಲಿ ಅದು ಪ್ರಕಟವಾಯಿತು. ಇಂದು ಆ ಕಾಲವನ್ನು ತಿಳಿಯಬಯಸುವ ಚರಿತ್ರಕಾರರು ಆ ಭಟ್ಟನ ಬಾಗಿಲಿಗೆ ಬರಬೇಕು. ಕಾವಡಿಯ ಗಂಗೆಯು ಎಂದೋ ಮುಗಿಯಿತು. ಎಲ್ಲರೂ ಚರಿತ್ರಕಾರರಿಗಾಗಿ ಬರೆಯಬೇಕೆಂದಲ್ಲ. 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಿಶ್ವನಾಥನ ವಿಶಾಲ ಪ್ರಾಂಗಣಕ್ಕಾಗಿ ಹಳೆಯ ಮನೆಗಳೂ ಗಲ್ಲಿಗಳೂ ತೆರವಾದುವು. ಅದಕ್ಕೆ ಮೊದಲು ಆ ಗಲ್ಲಿಯಲ್ಲಿ ನಡೆದ ಕನ್ನಡ ಮುದುಕಿಯೊಬ್ಬಳು ಅದು ಹೇಗಿತ್ತೆಂದು ಹೇಳಿದ ನಾಲ್ಕು ಮಾತುಗಳಿಗೆ ಈಗಲೇ ಬೆಲೆ ಬಂದಿದೆ.

ಇಲ್ಲಿ ಸಾಹಿತ್ಯಸಂಘಗಳ ಮೇಲೆಯೂ ಒಂದು ಮಾತು ಹೊರಿಸಬೇಕಾಗಿದೆ. ಯುರೋಪನ್ನು ಹನ್ನೆರಡು ದಿನಗಳಲ್ಲಿ ಸುತ್ತಿ, ಮಾರ್ಗದರ್ಶಿಯ ಕೈಪುಸ್ತಕದಿಂದ ಗೋಪುರಗಳ ಎತ್ತರವನ್ನು ಎತ್ತಿಕೊಂಡು ಬರೆದ ಪ್ರವಾಸಕಥನಕ್ಕೆ ಶಾಲು ಹೊದಿಸುವ ಸಭೆಗಳು, ಹಳ್ಳಿಯ ಮನೆಯೊಂದರ 60 ಪುಟದ ಕಾಶೀಯಾತ್ರೆಯ ಟಿಪ್ಪಣಿಯನ್ನು ಕಣ್ಣೆತ್ತಿ ನೋಡುವುದಿಲ್ಲ. ಗೋಪುರದ ಎತ್ತರವು ಎಲ್ಲಿಯಾದರೂ ಸಿಕ್ಕೀತು. ಜಂಗಮವಾಡಿ ಮಠದಲ್ಲಿ ಇಳಿದುಕೊಂಡ ಆ ರಾತ್ರಿ ತಾಯಿ ಮಗಳಿಗೆ ಹೇಳಿದ ಮಾತು ಮತ್ತೆಲ್ಲಿ ಸಿಕ್ಕುತ್ತದೆ?

ಬಿಡುವಿಲ್ಲವೆಂಬ ನೆಪವೂ ನಿಲ್ಲುವುದಿಲ್ಲ. ಏಕೆಂದರೆ ಬಿಡುವನ್ನು ಸಂಪ್ರದಾಯವೇ ಒದಗಿಸಿಕೊಟ್ಟಿದೆ. ಕಾಶಿಯಿಂದ ಬಂದವರು ಗಂಗಾಪೂಜೆ ಮಾಡಿ, ಸಮಾರಾಧನೆಯಿಟ್ಟು, ಬಂಧುಗಳಿಗೆ ಗಂಗೆಯ ಗಿಂಡಿಯನ್ನೂ ಕಾಶಿಯ ದಾರವನ್ನೂ ಹಂಚುವ ಪದ್ಧತಿ ಇಂದಿಗೂ ಇದೆ. ಅಂದು ಊಟವಾದ ಮೇಲೆ ಎಲೆಯಡಕೆ ಹಾಕಿಕೊಂಡು ಕುಳಿತಿರುವ ಮೂವತ್ತು ಜನ ಬಂಧುಗಳ ಮುಂದೆ ಚಿತ್ರಗಳನ್ನು ತೋರಿಸಲಿ. ಸಾವಿರವನ್ನಲ್ಲ, ಮೊದಲೇ ಕುಳಿತು ಆರಿಸಿದ ನಲವತ್ತನ್ನು. ಆಗ್ಫಾ ಕ್ಲಿಕ್ 3 ಎಂಬ ಹಳೆಯ ಕ್ಯಾಮೆರಾದಲ್ಲಿ ಒಂದು ಸುರುಳಿಗೆ 12 ಚಿತ್ರಗಳು ಮಾತ್ರ ಬರುತ್ತಿದ್ದುದರಿಂದ ಜನರು ಯೋಚಿಸಿ ಗುಂಡಿಯನ್ನು ಒತ್ತುತ್ತಿದ್ದರು. ಅಂದು ಬಡತನವು ಮಾಡಿಸಿದ ಆಯ್ಕೆಯನ್ನು ಇಂದು ವಿವೇಕವು ಮಾಡಿಸಬೇಕು. ಯಾತ್ರೆ ಮಾಡಿದ ಹಿರಿಯಳು ಬೆರಳಿಟ್ಟು ಹೇಳಲಿ. ಅಕ್ಷರ ಚೆನ್ನಾಗಿರುವ ಹುಡುಗನೋ ಹುಡುಗಿಯೋ ನೂರು ಪುಟದ ಒಂದು ಪುಸ್ತಕದಲ್ಲಿ, ಅವಳ ಮಾತನ್ನು ತಿದ್ದದೆ, ಮನೆಯಲ್ಲಿ ಆಡುವ ಕನ್ನಡದಲ್ಲಿಯೇ ಬರೆಯಲಿ: ಯಾರು, ಎಲ್ಲಿ, ಎಂದು, ತೆಗೆದವರು ಯಾರು, ಆಗ ಏನಾಯಿತು. ಬೇರೆಯವರು ನಡುವೆ ಬಾಯಿ ಹಾಕಿ, ಹಾಗಲ್ಲ ಹೀಗೆ ಎನ್ನುತ್ತಾರೆ, ಅದನ್ನೂ ಬರೆಯಲಿ. ಅವಳ ಧ್ವನಿಯನ್ನು ಅದೇ ಫೋನಿನಲ್ಲಿ ಹಿಡಿದಿಟ್ಟರೆ ಫೋನಿಗೂ ಒಂದು ಸದುಪಯೋಗವಾದಂತಾಯಿತು. ಸ್ನಾನಘಟ್ಟದಲ್ಲಿ ಒದ್ದೆ ಬಟ್ಟೆಯಲ್ಲಿರುವ ವೃದ್ಧರ ಚಿತ್ರಗಳನ್ನೂ, ಆಯಾಸದಿಂದ ಕುಸಿದವರ ಚಿತ್ರಗಳನ್ನೂ ಕೇಳದೆ ಊರಿಗೆಲ್ಲ ಹಂಚುವವರು, ಮಂಥರೆಯ ಚಿತ್ರದ ಮುಂದೆ ರಾಮನು ಏನು ಮಾಡಿದನೆಂಬುದನ್ನು ಒಮ್ಮೆ ನೆನೆದರೆ ಒಳ್ಳೆಯದು.

ಆ ಪುಸ್ತಕದ ಒಂದು ನಕಲನ್ನು, ಮನೆಯವರು ಒಪ್ಪಿದರೆ, ಜಿಲ್ಲೆಯ ಸಂಘದ ಗ್ರಂಥಭಂಡಾರವು ತೆಗೆದುಕೊಂಡು ಇಡಬೇಕು. ಇದಕ್ಕೆ ಕಟ್ಟಡ ಬೇಡ, ನಿಧಿ ಬೇಡ. ಒಂದು ಕಪಾಟು, ಒಂದು ಪಟ್ಟಿ, ಮಳೆಗಾಲದಲ್ಲಿ ಬಾಗಿಲು ತೆರೆದು ನೋಡುವ ಒಬ್ಬ ಮನುಷ್ಯ ಸಾಕು. ಇಂತಹ ಟಿಪ್ಪಣಿಗಳಲ್ಲಿ ವ್ಯಾಕರಣದೋಷಗಳಿರುತ್ತವೆ, ರೈಲಿನ ಚಹದ ಬೆಲೆಯೇ ಮೊದಲಾದ ಕ್ಷುಲ್ಲಕ ಸಂಗತಿಗಳು ತುಂಬಿರುತ್ತವೆ ಎಂದು ಸಂಘದ ವಿದ್ವಾಂಸರು ಮೂಗು ಮುರಿದಾರು. ವೀರಾಸ್ವಾಮಯ್ಯನವರ ಪುಸ್ತಕದಲ್ಲಿ ಇಂದಿನ ಓದುಗರು ಆಸೆಯಿಂದ ಹುಡುಕುವುದು ದಾರಿಯ ಊರುಗಳಲ್ಲಿ ಏನು ಸಿಕ್ಕುತ್ತಿತ್ತು, ಏನು ಸಿಕ್ಕುತ್ತಿರಲಿಲ್ಲ ಎಂಬುದನ್ನೇ.